ಪುಲ್ಲಿಯ ಮೇಲಿನ ಬಿಳಿ ಗೆರೆ

ಸೋಮವಾರ ಮತ್ತು ಗುರುವಾರ ನನಗೆ ಅಲಾರಂ ಬೇಕಾಗುವುದಿಲ್ಲ. ನಾಲ್ಕೂವರೆಗೆ ತಾನಾಗಿ ಎಚ್ಚರವಾಗುತ್ತದೆ. ಆಮೇಲೆ ಹಾಸಿಗೆಯಲ್ಲಿ ಇರಲಾಗುವುದಿಲ್ಲ. ಒಲೆಯ ಮೇಲೆ ಚಹಾ ಕುದಿಯುವ ಮೊದಲೇ ಗಾಡಿ ಹೊರಗೆ ಹಾಕಿರುತ್ತೇನೆ.

“ಚಾ ಕುಡದು ಹೋದ್ರ ಹೊಳಿ ಏನು ಎದ್ದು ಓಡಿ ಹೋಗತೈತೇನ್ರಿ?” ಎಂದು ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಾಳೆ. ಅವಳಿಗೆ ಏನು ಹೇಳಲಿ? ಕಪ್ಪು ಕೈಗೆ ತೆಗೆದುಕೊಂಡು ನಿಂತುಕೊಂಡೇ ಎರಡು ಗುಟುಕು ಕುಡಿದು, ಬಾಯಿ ಸುಟ್ಟುಕೊಂಡು ಹೊರಡುತ್ತೇನೆ.

ಮುಂಡರಗಿಯಿಂದ ತುಂಗಭದ್ರೆಯ ದಂಡೆಗೆ ನನ್ನ ಹಳೆಯ ಗಾಡಿಯ ಮೇಲೆ ಅರ್ಧ ತಾಸಿನ ದಾರಿ. ಐದೂವರೆ ಸುಮಾರಿಗೆ ಆಚೆ ದಂಡೆಯ ಊರಿನಿಂದ ಹಾಲಿನ ಕ್ಯಾನುಗಳನ್ನು ಹೇರಿಕೊಂಡು ದೋಣಿ ಬರುತ್ತದೆ. ಹಾಲಿನವರು ಇಳಿದು ಹೋದ ಮೇಲೆ ನಾನು ದೋಣಿಯ ಹಿಂದುಗಡೆ ಕೂತು, ಅಲ್ಲಿ ತೂಗುಬಿದ್ದಿರುವ ಇಂಜಿನ್ನಿನ ಮೇಲಿನ ಮುಚ್ಚಳ ತೆಗೆಯುತ್ತೇನೆ. ಎರಡೂ ಪ್ಲಗ್ಗು ಬಿಚ್ಚುತ್ತೇನೆ. ಮೇಲಿನ ಫ್ಲೈವೀಲನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಾ, ಅದರ ಗುರುತು ಪಕ್ಕದ ಮುಳ್ಳಿಗೆ ಎದುರಾದಾಗ ನಿಲ್ಲಿಸುತ್ತೇನೆ. ಆಗ ಬೆಲ್ಟಿನ ಇನ್ನೊಂದು ತುದಿಯ ಪುಲ್ಲಿಯಲ್ಲಿರುವ ಸಣ್ಣ ತ್ರಿಕೋಣ, ಇಂಜಿನ್ನಿನ ತಲೆಯ ಮೇಲಿರುವ ಗೆರೆಗೆ ಸರಿಯಾಗಿ ಎದುರು ಕೂತಿರಬೇಕು. ಕೂತಿರುತ್ತದೆ. ಹತ್ತು ನಿಮಿಷದ ಕೆಲಸ. ಎಲ್ಲ ಮೊದಲಿನಂತೆ ಹಾಕಿ ಕೈ ಒರೆಸಿಕೊಂಡು ಎದ್ದಾಗ ಅಂಬಿಗರ ಮಾವ ದೋಣಿ ತಿರುಗಿಸಿ ಮತ್ತೆ ಆಚೆ ಹೋಗುತ್ತಾನೆ, ತನ್ನ ಹೆಂಡತಿಯನ್ನು ಕರೆತರಲು.

ಇದನ್ನು ಮಾಡೆಂದು ನನಗೆ ಯಾರೂ ಹೇಳಿಲ್ಲ. ಖರೆ ಹೇಳಬೇಕೆಂದರೆ ವಾರಕ್ಕೆ ಎರಡು ಸಲ ನೋಡುವಂಥ ಕೆಲಸವೂ ಅದಲ್ಲ. ಒಮ್ಮೆ ಸರಿಯಾಗಿ ಕೂರಿಸಿದ ಬೆಲ್ಟು ವರ್ಷಗಟ್ಟಲೆ ಅಲುಗದು. ಒಮ್ಮೆ ಸರಿಯಾಗಿ ಕೂರಿಸಿದ್ದರೆ.

ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಅಂಗಡಿ ಇದೆ. ಪಂಪ್‌ಸೆಟ್ಟು, ಬೈಕು, ಔಷಧ ಹೊಡೆಯುವ ಯಂತ್ರ, ಹಿಟ್ಟಿನ ಗಿರಣಿಯ ಮೋಟಾರು, ಏನು ತಂದರೂ ಬಿಚ್ಚುತ್ತೇನೆ. ಕೆಲಸ ಕಲಿತದ್ದು ಶಿರಹಟ್ಟಿಯಲ್ಲಿ, ಒಬ್ಬ ಉಸ್ತಾದರ ಕೈಕೆಳಗೆ. ಅವರು ನನ್ನನ್ನು ಕಳಿಸಿಕೊಡುವಾಗ, “ನಿನ್ನ ಕೈ ಚಲೋ ಐತಿ, ಬಾಯಿಗಿ ಒಂದು ನಟ್ಟು ಕಡಿಮಿ ಐತಿ. ಅದನ್ನ ಹುಡುಕಿ ಹಾಕ್ಕೋ,” ಎಂದಿದ್ದರು. ಮೂವತ್ತು ವರ್ಷವಾಯಿತು, ನಾನು ಹುಡುಕಲಿಲ್ಲ.

ಒಮ್ಮೆ ಲಕ್ಷ್ಮೇಶ್ವರದ ಕಡೆಯ ಒಬ್ಬ ಗೌಡರು ಡೀಸೆಲ್ ಇಂಜಿನ್ ತಂದಿದ್ದರು. ನನ್ನ ತಲೆಯ ಮೇಲೆಯೇ ನಿಂತು ನೋಡುತ್ತಾ, “ಮಿಸ್ತ್ರಿ, ಆ ನಟ್ಟು ಉಲ್ಟಾ ತಿರುವಾಕ ಹತ್ತೀರಿ ಅನಸ್ತೈತಿ,” ಅಂದರು. ನನಗೆ ಎಲ್ಲಿತ್ತೋ ಸಿಟ್ಟು. ನಟ್ಟು ಬಿಚ್ಚುತ್ತಿದ್ದ ಪಾನಾ ಎತ್ತಿ ಒಗೆದೆ. ಅದು ಗೋಡೆಗೆ ಬಡಿದು ಕ್ಯಾಲೆಂಡರ್ ಹರಿಯಿತು. “ಹಂಗಾರ ನೀವ ಬಿಚ್ಕೋರಿ,” ಎಂದು ಎದ್ದು ಹೋಟೆಲಿಗೆ ಹೋಗಿ ಎರಡು ಪ್ಲೇಟು ಮಿರ್ಚಿ ತಿಂದೆ. ಅವರು ಬಂದು ಕರೆದರು, ಅವರ ಆಳು ಬಂದು ಕರೆದ. ನಾನು ಏಳಲಿಲ್ಲ. ಕೊನೆಗೆ ಅರ್ಧ ಬಿಚ್ಚಿದ ಇಂಜಿನ್ನನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಗದಗಿಗೆ ಹೋದರು. ಅವರು ಹೇಳಿದ್ದೇ ಸರಿ ಇತ್ತು. ನಟ್ಟು ಎಡಗಡೆಯ ಪೇಚಿನದು, ಬೇರೆ ನಟ್ಟುಗಳಿಗೆ ವಿರುದ್ಧ ದಿಕ್ಕಿನಲ್ಲಿ ಬಿಚ್ಚುವಂಥದ್ದು.

ಆ ಸುದ್ದಿ ಸುತ್ತೂರಿಗೆಲ್ಲ ಹಬ್ಬಿತು. ಮಿಸ್ತ್ರಿ ಕೈ ಬಂಗಾರ, ಆದರೆ ಅವನಿಗೆ ಏನೂ ಹೇಳಬೇಡಿ, ಹೇಳಿದರೆ ಕೆಲಸ ಬಿಟ್ಟು ಎದ್ದು ಹೋಗುತ್ತಾನೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಾತು ನನ್ನ ಕಿವಿಗೆ ಬಿದ್ದಾಗ ನನಗೆ ಹೆಮ್ಮೆಯೇ ಆಗಿತ್ತು.

ಈಗ ಅಂಬಿಗರ ಮಾವನ ವಿಷಯ. ರಕ್ತಸಂಬಂಧವೇನಿಲ್ಲ. ಅವನ ಹೆಂಡತಿಯನ್ನು ನಾನು ಮೊದಲಿನಿಂದ ಯಕ್ಕಾ ಅನ್ನುತ್ತಿದ್ದೆ, ಹಾಗಾಗಿ ಅವನು ಮಾವನಾದ. ಮೊದಲು ಅವನದು ಹರಗೋಲು. ಬ್ಯಾರೇಜಿನಲ್ಲಿ ನೀರು ನಿಲ್ಲಿಸಿದ ಮೇಲೆ ಹೊಳೆ ಅಗಲವಾಗಿ, ಗಳ ಹಾಕಿದರೆ ತಳ ಸಿಗದಂತಾಯಿತು. ಆಗ ಕಾರವಾರದ ಕಡೆಯಿಂದ ಯಾರೋ ಬಳಸಿ ಬಿಟ್ಟ ಫೈಬರ್ ದೋಣಿಯನ್ನೂ ಅದರ ಇಂಜಿನ್ನನ್ನೂ ತಂದ. ಸಮುದ್ರದ ಇಂಜಿನ್ನು ನಮ್ಮ ಹೊಳೆಗೆ ಬಂತು. ಈ ಸುತ್ತಿನಲ್ಲಿ ಅದನ್ನು ಬಿಚ್ಚುವ ಧೈರ್ಯ ಮಾಡಿದವನು ನಾನೊಬ್ಬನೇ.

ಯಕ್ಕನ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ಬೆಳಿಗ್ಗೆ ಏಳಕ್ಕೆ ಮುಂಡರಗಿಯ ದವಾಖಾನೆಯಲ್ಲಿ ರಕ್ತ ತೊಳೆಯುವ ಮಷಿನ್ನಿನ ಮುಂದೆ ಅವಳು ಇರಬೇಕು. ಮಷಿನ್ನುಗಳು ಕೆಲವೇ, ಸರದಿ ದೊಡ್ಡದು. ತಪ್ಪಿಸಿಕೊಂಡರೆ ಆ ಪಾಳಿ ಹೋದಂತೆಯೇ. ಸೇತುವೆ ಸುತ್ತಿ ಬರುವ ಮೊದಲ ಬಸ್ಸು ಮುಂಡರಗಿ ಮುಟ್ಟುವುದು ಒಂಬತ್ತಕ್ಕೆ. ದೋಣಿಯಾದರೆ ಕಾಲು ತಾಸಿನಲ್ಲಿ ಈ ದಂಡೆ, ಅಲ್ಲಿಂದ ಆಟೋ. ಮನೆಯ ಮುಂದೆ ಹೊಳೆ ತುಂಬಿ ಹರಿಯುತ್ತದೆ, ಅವಳು ಮಾತ್ರ ದಿನಕ್ಕೆ ಅಳತೆ ಮಾಡಿದ ನಾಲ್ಕು ಲೋಟ ನೀರು ಕುಡಿಯಬೇಕು. ದೋಣಿ ಓಡಿದರೆ ಅವಳ ಉಸಿರು ಓಡುತ್ತದೆ. ಇದು ಆ ಮನೆಯವರಿಗೂ ಗೊತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಶ್ರಾವಣದಲ್ಲಿ ಒಂದು ದಿನ ಮಾವ ಫೋನು ಮಾಡಿ, ಇಂಜಿನ್ನಿನ ಬೆಲ್ಟು ಬಿರಿದಿದೆ ಎಂದ. ಹಲ್ಲಿನ ಈ ಬೆಲ್ಟೇ ಇಂಜಿನ್ನಿನ ಪ್ರಾಣ. ಒಳಗೆ ಪಿಸ್ಟನ್ ಮೇಲೆ ಬರುವುದೂ ವಾಲ್ವ್ ತೆರೆದು ಮುಚ್ಚುವುದೂ ನೊಗಕ್ಕೆ ಕಟ್ಟಿದ ಜೋಡಿ ಎತ್ತಿನಂತೆ ಒಟ್ಟಿಗೆ ಹೆಜ್ಜೆ ಹಾಕಬೇಕು. ಆ ಜೋಡಿ ಕೂಡಿಸುವುದು ಬೆಲ್ಟು; ಅದಕ್ಕೇ ಟೈಮಿಂಗ್ ಅನ್ನುವುದು. ಗದಗ-ಬೆಟಗೇರಿಯ ಅಂಗಡಿಗಳನ್ನೆಲ್ಲ ಸುತ್ತಿದೆ, ಸಿಗಲಿಲ್ಲ. ಕೊನೆಗೆ ಕಾರವಾರದಿಂದ ಬಸ್ಸಿನ ಪಾರ್ಸಲ್ಲಿನಲ್ಲಿ ಬಂತು. ಬಂದದ್ದು ಬುಧವಾರ ಮಧ್ಯಾಹ್ನ. ಮರುದಿನ ಗುರುವಾರ.

ಸಂಜೆ ನನಗೆ ಇನ್ನೊಂದು ಕಡೆ ಪಂಪ್‌ಸೆಟ್ಟಿನ ಕೆಲಸವಿತ್ತು. ಆ ರೈತ ಹತ್ತು ಸಲ ಫೋನು ಮಾಡಿದ್ದ. ಕೂತಲ್ಲಿ ಕೂರಲಾಗದ ಮನಸ್ಸಿನಿಂದಲೇ ದೋಣಿಯಲ್ಲಿ ಕೂತೆ. ಹಳೆಯ ಬೆಲ್ಟು ತೆಗೆಯುವ ಮೊದಲು ಎಲ್ಲಿಗೆ ಎಲ್ಲಿ ಎಂದು ನಾನೇ ಒಂದು ಗುರುತು ಹಾಕಿಕೊಳ್ಳಬೇಕಿತ್ತು. ಉಸ್ತಾದರು ಕಲಿಸಿದ ಮೊದಲ ಪಾಠವೇ ಅದು. ಕಂಪನಿ ಗುರುತು ಇದ್ದೇ ಇರುತ್ತದೆ ಬಿಡು ಎಂದು ಚರಕ್ಕನೆ ಎಳೆದು ಒಗೆದೆ. ಹೊಸದನ್ನು ಹಾಕಲು ಬಗ್ಗಿ ನೋಡಿದರೆ ಇನ್ನೊಂದು ತುದಿಯ ಪುಲ್ಲಿಯ ತುಂಬ ಎಣ್ಣೆಯ ಜಿಡ್ಡು, ರಬ್ಬರಿನ ಕರಿ ಪುಡಿ. ಅದರ ನಡುವೆ ಒಂದೇ ಒಂದು ಬಿಳಿ ಗೆರೆ ಹೊಳೆಯುತ್ತಿತ್ತು. ಪೇಂಟಿನ ಗೆರೆ, ಚೊಕ್ಕ. ಸಿಕ್ಕಿತು ನೋಡು ಎಂದುಕೊಂಡು ಅದನ್ನೇ ತಲೆಯ ಮೇಲಿನ ಗೆರೆಗೆ ಎದುರು ತಂದು ಬೆಲ್ಟು ಕೂರಿಸಿದೆ.

ಹಗ್ಗ ಎಳೆದರೆ ನಾಲ್ಕನೆಯ ಸಲಕ್ಕೆ ಹೊತ್ತಿತು. ದಂಡೆಯ ಹತ್ತಿರವೇ ಖಾಲಿ ದೋಣಿಯಲ್ಲಿ ಒಂದು ಸುತ್ತು ಹಾಕಿದೆವು. ಓಡಿತು. ಆದರೆ ದನಿಯಲ್ಲಿ ಏನೋ ಬಿಕ್ಕಿದಂತಿತ್ತು. ನನ್ನ ಕಿವಿಗೆ ಅದು ಬಿದ್ದಿತ್ತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು.

“ಹೊಸಾ ಪಟ್ಟಾ, ಎಳ್ಡು ದಿನ ಓಡಿದ್ರ ಹದಕ್ಕ ಬರತೈತಿ,” ಎಂದೆ. ಮಾವ ತಲೆಯಾಡಿಸಿದ. ನನಗೆ ತಿರುಗಿ ಕೇಳುವವರು ಯಾರಿದ್ದರು?

ಮರುದಿನ ಮುಂಜಾನೆ ಮೇಲಿನಿಂದ ನೀರು ಬಿಟ್ಟಿದ್ದರು, ಸೆಳವು ಇತ್ತು. ದೋಣಿಯಲ್ಲಿ ಯಕ್ಕ, ಇನ್ನೂ ಐದಾರು ಮಂದಿ, ಒಂದು ಬೈಕು. ನಡುಹೊಳೆಗೆ ಬಂದಾಗ ಇಂಜಿನ್ನು ಎರಡು ಸಲ ಢಬ್ ಢಬ್ ಎಂದು ನಿಂತುಬಿಟ್ಟಿತಂತೆ. ಮಾವ ಹಗ್ಗ ಎಳೆದೂ ಎಳೆದೂ ಅಂಗೈ ಸುಲಿದುಕೊಂಡ. ದೋಣಿ ಕೆಳಗೆ ಹರಿದು ಆಪು ಹುಲ್ಲಿನ ಪೊದೆಗಳಲ್ಲಿ ಸಿಕ್ಕಿಕೊಂಡಿತು. ಅಲ್ಲಿಂದ ಹುಟ್ಟು ಹಾಕಿ, ಹಗ್ಗ ಕಟ್ಟಿ ಎಳೆದು ಈ ದಂಡೆಗೆ ಮುಟ್ಟಿಸುವಷ್ಟರಲ್ಲಿ ಎಂಟು ಗಂಟೆ. ಯಕ್ಕನ ಪಾಳಿ ಹೋಗಿತ್ತು.

ದೋಣಿ ಪೊದೆಯಲ್ಲಿ ಸಿಕ್ಕಿದ್ದಾಗಲೇ ನನಗೆ ಫೋನು ಬಂದಿತ್ತು. ನಾನು ಹೋದಾಗ ಅವಳು ಜಾಲಿ ಗಿಡದ ಕೆಳಗೆ, ದವಾಖಾನೆಯ ಚೀಟಿಗಳ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಆಟೋ ಕಾಯುತ್ತಾ ಕೂತಿದ್ದಳು. ಮುಖ ಊದಿತ್ತು. ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದಳು. ಅವಳನ್ನು ನೋಡಿದ್ದೇ ತಡ ನನಗೆ ಭಯವಾಯಿತು. ನನ್ನ ಭಯ ಯಾವಾಗಲೂ ಸಿಟ್ಟಾಗಿಯೇ ಹೊರಗೆ ಬೀಳುವುದು. ಇಂಜಿನ್ನಿನ ಮುಚ್ಚಳ ಮುಟ್ಟುವ ಮೊದಲೇ ಮಾವನ ಮೇಲೆ ಹರಿಹಾಯ್ದೆ.

“ಪೆಟ್ರೋಲ್ ಡಬ್ಬಿ ತೊಳದು ಒಣಗಿಸಿ ಹಾಕ್ರಿ ಅಂತ ಎಷ್ಟು ಸಲ ಹೇಳಬೇಕು ನಿಮಗ? ನೀರು ಕುಡಿಸೀರಿ ಇದಕ್ಕ.”

“ಡಬ್ಬಿ ಒಣಗೇ ಇತ್ತೋ ಮಿಸ್ತ್ರಿ…”

“ನನಗ ಕಲಸ್ತೀರೇನು?”

ದಂಡೆಯಲ್ಲಿದ್ದ ಮಂದಿಯೂ ಅವನ ಕಡೆಗೇ ನೋಡಿದರು. ಹೆಂಡತಿಯ ಪಾಳಿ ತಪ್ಪಿಸಿದ ಗಂಡ ಎಂಬಂತೆ ಅವನು ಸುಲಿದ ಕೈಗಳನ್ನು ಪಂಚೆಯಲ್ಲಿ ಮುಚ್ಚಿಕೊಂಡು ನಿಂತ.

ನಾನು ಪ್ಲಗ್ಗು ಬಿಚ್ಚಿ ಫ್ಲೈವೀಲ್ ತಿರುಗಿಸಿದೆ. ಅದರ ಗುರುತು ಸರಿಯಾಗಿತ್ತು. ಪುಲ್ಲಿಯ ಬಿಳಿ ಗೆರೆಯೂ ತನ್ನ ಜಾಗದಲ್ಲಿತ್ತು. ಮತ್ತೇನು? ಪೆಟ್ರೋಲ್ ಬಟ್ಟೆಯಿಂದ ಪುಲ್ಲಿಯನ್ನು ತಿಕ್ಕಿದೆ. ಜಿಡ್ಡು ಬಿಟ್ಟಂತೆ ಎರಕದಲ್ಲೇ ಮೂಡಿದ್ದ ಒಂದು ಸಣ್ಣ ತ್ರಿಕೋಣ ಕಂಡಿತು. ಬಿಳಿ ಗೆರೆಗೂ ಅದಕ್ಕೂ ಎರಡು ಹಲ್ಲಿನ ಅಂತರ. ಗೆರೆಯ ಆಚೆಗೂ ಈಚೆಗೂ ಅದರಂಥವೇ ಇನ್ನೆರಡು ಅಳಿಸಿಹೋದ ಗೆರೆಗಳ ನೆರಳು ಇತ್ತು. ಮೂರು ಬೆರಳಿನ ಗೆರೆ.

ಇಭೂತಿ.

ನಮ್ಮ ಕಡೆ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ಎಲ್ಲಕ್ಕೂ ಇಭೂತಿ ಹಚ್ಚುತ್ತೇವೆ. ಕುಡುಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ. ಎಣ್ಣೆ ಜಿಡ್ಡಿನ ಇಂಜಿನ್ನಿನ ಮೇಲೆ ಇಭೂತಿ ನಿಲ್ಲುವುದಿಲ್ಲವಾದ್ದರಿಂದ ಬಿಳಿ ಪೇಂಟಿನಲ್ಲೇ ಮೂರು ಗೆರೆ ಎಳೆದುಬಿಡುತ್ತಾರೆ. ನನ್ನ ಅಂಗಡಿಯಲ್ಲಿ ಕಬ್ಬಿಣ ಕಚ್ಚಿ ಹಿಡಿಯುವ ವೈಸಿನ ಮೇಲೂ ಇದೆ. ಅಂಥದ್ದರಲ್ಲಿ ಮೂವತ್ತು ವರ್ಷದ ಮಿಸ್ತ್ರಿ ನಾನು, ಪೂಜೆಯ ಗೆರೆಯನ್ನು ಕಂಪನಿಯ ಗುರುತೆಂದು ತಿಳಿದು ಟೈಮಿಂಗ್ ಕೂರಿಸಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ನನ್ನಂಥವರನ್ನು ನೋಡಿಯೇ.

ಅದೇ ಗಳಿಗೆಯಲ್ಲಿ ಹೇಳಬಹುದಿತ್ತು. ಬಾಯಿ ಬರಲಿಲ್ಲ. ಆಗಷ್ಟೇ ಹತ್ತು ಮಂದಿಯೆದುರು ಮಾವನನ್ನು ಬೈದಿದ್ದೆ. ಬಟ್ಟೆಯನ್ನು ಮತ್ತೆ ಪೆಟ್ರೋಲಿನಲ್ಲಿ ಅದ್ದಿ ಆ ಬಿಳಿ ಗೆರೆಯನ್ನು ಗಟ್ಟಿಯಾಗಿ ತಿಕ್ಕಿ ಅಳಿಸಿದೆ. ಸುತ್ತ ಒಮ್ಮೆ ನೋಡಿದೆ. ಮಾವ ಬೆನ್ನು ತಿರುಗಿಸಿದ್ದ. ಮಂದಿ ಬೈಕು ಇಳಿಸುತ್ತಿದ್ದರು. ಯಕ್ಕ ಹೊಳೆಯ ಕಡೆ ನೋಡುತ್ತಿದ್ದಳು. ಬೆಲ್ಟು ಬಿಚ್ಚಿ ತ್ರಿಕೋಣಕ್ಕೆ ಹೊಂದಿಸಿ ಕೂರಿಸಿ ಹಗ್ಗ ಎಳೆದೆ. ಮೊದಲ ಎಳೆತಕ್ಕೇ ಹೊತ್ತಿಕೊಂಡು ಚೊಕ್ಕವಾಗಿ ಓಡಿತು.

“ನೀರು ಬಂದಿತ್ತು ಪೆಟ್ರೋಲ್‌ನ್ಯಾಗ. ತಗದೀನಿ,” ಎಂದೆ.

ಅಷ್ಟರಲ್ಲಿ ಆಟೋ ಬಂದು ಯಕ್ಕನನ್ನು ಕರೆದುಕೊಂಡು ಹೋಯಿತು. ಮಷಿನ್ನು ಅವಳಿಗೆ ಸಿಕ್ಕಿದ್ದು ಮರುದಿನ ಮುಂಜಾನೆ. ಅಲ್ಲಿಯವರೆಗೆ ಮಲಗಿದರೆ ಉಸಿರು ಕಟ್ಟುತ್ತದೆಂದು ದವಾಖಾನೆಯ ಬೆಂಚಿನ ಮೇಲೆ ಕೂತೇ ಇದ್ದಳಂತೆ.

ಮುಂದಿನ ಸೋಮವಾರ ನಾನು ಮೊದಲ ಸಲ ನಾಲ್ಕೂವರೆಗೆ ಎದ್ದೆ. ದಂಡೆಗೆ ಹೋಗಿ ನೋಡಿದರೆ ಮಾವ ಯಕ್ಕನ ಹಳೆಯ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ಪೆಟ್ರೋಲನ್ನು ಅದರಲ್ಲಿ ಸೋಸಿ ಟ್ಯಾಂಕಿಗೆ ಹಾಕುತ್ತಿದ್ದ. ಹಾಲಿನವನೊಬ್ಬ ಏನಿದು ಎಂದು ಕೇಳಿದ್ದಕ್ಕೆ, “ಮಿಸ್ತ್ರಿ ಹೇಳ್ಯಾನ. ನೀರು ಕುಡಿಸಿ ನಾನ ಅಕಿ ಜೀವಾ ತಗೀತಿದ್ದೆ,” ಅಂದ. ನಾನು ಅವನ ಕಡೆ ನೋಡದೆ ಇಂಜಿನ್ನಿನ ಮುಚ್ಚಳ ತೆಗೆದೆ.

ಅಂದಿನಿಂದ ವಾರಕ್ಕೆರಡು ಸಲ ಅದೇ. ಅವನು ಸೋಸುತ್ತಿದ್ದ, ನಾನು ಟೈಮಿಂಗ್ ನೋಡುತ್ತಿದ್ದೆ. ಅಂಗಡಿಗೆ ಬಂದು ಕೂತರೂ ಏಳಾಗುವವರೆಗೆ ನನಗೆ ಸಮಾಧಾನವಿರುತ್ತಿರಲಿಲ್ಲ. ಯಾವ ಪಾನಾ ಎತ್ತಿದರೂ ಅಳತೆ ತಪ್ಪುತ್ತಿತ್ತು. ದವಾಖಾನೆಯ ಮುಂದೆ ಸುಮ್ಮನೆ ಗಾಡಿ ಓಡಿಸಿ, ಹೊರಗೆ ಯಕ್ಕನ ಚಪ್ಪಲಿ ಇವೆಯೋ ನೋಡಿ ಬರುತ್ತಿದ್ದೆ. ಮೂರು ಸಲ ಮಾವನಿಗೆ ಹೇಳಬೇಕೆಂದು ಬಾಯಿ ತೆರೆದೆ. ಒಂದು ಸಲ ಬಾಯಿಂದ ಬಂದದ್ದು, “ಪ್ಲಗ್ ಚಲೋ ಅದಾವ ಮಾವಾ.” ಥೂ ನನ್ನ ಜನ್ಮಕ್ಕೆ.

ಖಂಡೆ ಪೂಜೆ ಬುಧವಾರ ಬಂತು. ನನ್ನ ಅಂಗಡಿಯ ಪೂಜೆ ಮುಗಿಸಿಕೊಂಡು, ಮಾವ ಕರೆದನೆಂದು ಹೊಳೆ ದಾಟಿ ಅವರ ದಂಡೆಗೆ ಹೋದೆ. ದೋಣಿ ತೊಳೆದು ಚೆಂಡುಹೂವಿನ ಮಾಲೆ ಕಟ್ಟಿದ್ದರು. ಮಾವ ಸ್ವಲ್ಪ ದೂರದಲ್ಲಿ ಕೂತು ಮರುದಿನಕ್ಕೆಂದು ಪೆಟ್ರೋಲ್ ಸೋಸುತ್ತಿದ್ದ. ಯಕ್ಕ ತಟ್ಟೆ ಹಿಡಿದು ಮೆಲ್ಲಗೆ ಬಂದಳು. ಕುಂಕುಮ, ಹೂವು, ಒಂದು ಪುಟ್ಟ ಡಬ್ಬಿ ಬಿಳಿ ಪೇಂಟು.

“ಮುಚ್ಚಳ ತಗಿ ತಮ್ಮಾ.”

“ಮ್ಯಾಲ ಹಚ್ರಿ ಯಕ್ಕಾ. ಒಳಗ ಬ್ಯಾಡ.”

“ಮುಚ್ಚಳ ನನ್ನ ಆ ದಂಡಿಗಿ ಮುಟ್ಟಸಂಗಿಲ್ಲ. ಒಳಗ ತಿರುಗೂ ಗಾಲಿ ಮುಟ್ಟಸ್ತೈತಿ. ಹೋದ ವರ್ಷ ಅದಕ್ಕ ಹಚ್ಚಿದ್ದೆ.” ಅವಳು ದೋಣಿಯ ಅಂಚಿಗೆ ಕೂತು ಉಸಿರು ಎಳೆದುಕೊಂಡಳು. “ಅದನ್ನ ನೀ ಒರಸಿದಿ.”

ನನ್ನ ಕೈ ಮುಚ್ಚಳದ ಮೇಲೆಯೇ ನಿಂತಿತು.

“ಜಾಲಿ ಗಿಡದ ಬುಡಕ ಕುಂತು ನೋಡಿದೆ. ಮದ್ಲ ಒಂದ ಕಡೆ ನೋಡಿದಿ, ಆಮ್ಯಾಲೆ ನಾ ಹಚ್ಚಿದ ಗೆರಿ ಒರಸಿದಿ, ಸುತ್ತ ನೋಡಿದಿ, ಪಟ್ಟಾ ಬಿಚ್ಚಿ ಬ್ಯಾರೆ ಕಡೆ ಹಾಕಿದಿ. ಹೊತ್ತಿಕೊಂತು. ನನಗ ಇಂಜಿನ್ ತಿಳಿಯಂಗಿಲ್ಲ. ನಿನ್ನ ಮಾರಿ ತಿಳೀತು.”

“ಅವತ್ತ ಯಾಕ ಹೇಳಲಿಲ್ಲ ಯಕ್ಕಾ? ಮಾವನ್ನ ಅಷ್ಟು ಬೈದೆ ನಾನು.”

“ಹೇಳಿದ್ರ ನೀ ಪಾನಾ ಒಗದು ಹೊಕ್ಕಿದ್ದಿ. ಲಕ್ಷ್ಮೇಶ್ವರದ ಗೌಡ್ರ ಕಥಿ ಯಾರಿಗೆ ಗೊತ್ತಿಲ್ಲ? ಅವರಿಗೆ ಗದಗ ಇತ್ತು, ಟ್ರ್ಯಾಕ್ಟರ್ ಇತ್ತು. ನಾ ಎಲ್ಲಿಗೆ ಹೋಗ್ಲಿ? ನೀ ಬರಲಿಲ್ಲಂದ್ರ ಇದನ್ನ ಬಿಚ್ಚಾವ್ರು ಯಾರದಾರ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಉಪ್ಪು ಕೇಳುವಷ್ಟು ಸಾದಾ ದನಿ. “ನನಗ ಬದುಕೂದಿತ್ತು ತಮ್ಮಾ. ಗಂಡ ಬೈಸಿಕೊಂಡ್ರೂ ಅಡ್ಡಿ ಇಲ್ಲ ಅಂತ ಸುಮ್ನಾದೆ.”

ಮೂವತ್ತು ವರ್ಷ ನಾನು ಹೆಮ್ಮೆ ಪಟ್ಟುಕೊಂಡಿದ್ದ ಸಿಟ್ಟು ಅದು. ಅದಕ್ಕೆ ಹೆದರಿ, ಉಸಿರು ಸಿಗದ ಹೆಂಗಸೊಬ್ಬಳು ಖರೆ ಮಾತನ್ನು ನುಂಗಿಕೊಂಡು ಆಟೋ ಹತ್ತಿದ್ದಳು. ನನಗೆ ಅಳು ಬಂತು. ಅಲ್ಲಿ ಕೂರಲಾಗದೆ ಎದ್ದು ಮಾವನ ಹತ್ತಿರ ಹೋದೆ.

“ಸೋಸೂದು ಬಿಡ್ರಿ ಮಾವಾ. ಅವತ್ತ ಪೆಟ್ರೋಲ್‌ನ್ಯಾಗ ನೀರಿದ್ದಿಲ್ಲ. ಪಟ್ಟಾ ನಾ ತಪ್ಪು ಹಾಕಿದ್ದೆ. ಎಳ್ಡು ಹಲ್ಲು ತಪ್ಪಿತ್ತು. ಯಕ್ಕನ ಪಾಳಿ ತಪ್ಪಿದ್ದು ನನ್ನಿಂದ. ಬೈದದ್ದು ನಿಮಗ.”

ಅವನು ಕೈಯಲ್ಲಿದ್ದ ಸೀರೆಯ ತುಂಡನ್ನು ನೋಡಿದ. ಹೆಂಡತಿಯ ಕಡೆ ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು. ಎರಡು ತಿಂಗಳು ಅವನು ಆ ಬಟ್ಟೆಯ ಜೊತೆ ಹೊತ್ತ ತಪ್ಪು ಅವನದಾಗಿರಲಿಲ್ಲ. ಅವನ ಕುತ್ತಿಗೆಯ ನರ ಉಬ್ಬಿತು. ಬೈಯುತ್ತಾನೆ ಎಂದುಕೊಂಡೆ. ಬೈಯಲಿ, ಕೆನ್ನೆಗೆ ಹೊಡೆಯಲಿ ಎಂದು ನಿಂತೆ. ಅವನು ಮೆಲ್ಲಗೆ ಕೇಳಿದ್ದು ಒಂದೇ ಮಾತು.

“ನಾಳೆ ಗುರುವಾರ. ಬರ್ತೀಯಲ್ಲಾ ಮಿಸ್ತ್ರಿ?”

ಅವನ ಕಣ್ಣಲ್ಲಿದ್ದದ್ದು ಭಯ. ಅಂಗಡಿಗೆ ಬಂದವರ ಕಣ್ಣಲ್ಲಿ ಎಷ್ಟೋ ಸಲ ನೋಡಿ ಖುಷಿಪಟ್ಟಿದ್ದ ಭಯವೇ ಅದು.

“ಬರ್ತೀನಿ ಮಾವಾ. ಬೈಯ್ರಿ ನೀವು. ಬೈದ್ರೂ ಬರ್ತೀನಿ.”

ದೋಣಿಯ ಅಂಚಿನಿಂದ ಯಕ್ಕನೇ ಹೇಳಿದಳು: “ಮದ್ಲ ನಾಳೆ ಬಾ. ಬೈಯೂದು ಆಮ್ಯಾಲೆ ನೋಡೂಣು.”

ನಾನು ಮುಚ್ಚಳ ತೆಗೆದೆ. ಫ್ಲೈವೀಲ್ ತಿರುಗಿಸಿ, ಗುರುತಿಗೆ ಗುರುತು ತಂದು, ತ್ರಿಕೋಣ ಎಲ್ಲಿದೆ ಎಂದು ಉಗುರಿನಿಂದ ತೋರಿಸಿದೆ. ಕಡ್ಡಿಗೆ ಅರಳೆ ಸುತ್ತಿ ಅವಳು ಅದರ ಮೇಲೆ ಒಂದು ಬಿಳಿ ಚುಕ್ಕೆ ಇಟ್ಟಳು. ಮೂರು ಗೆರೆ ಎಳೆಯಲಿಲ್ಲ.

ಅದಾದ ಮೇಲೆ ಎಷ್ಟೋ ಸೋಮವಾರ, ಗುರುವಾರಗಳು ಬಂದು ಹೋದವು. ಮಾವ ಈಗ ಪೆಟ್ರೋಲ್ ಸೋಸುವುದಿಲ್ಲ. ನಾನು ಹೋಗುತ್ತಲೇ ಇದ್ದೇನೆ. ಅವರು ಇನ್ನೂ ಬೈದಿಲ್ಲ.